ನುಗ್ಗೇಹಳ್ಳಿಯ ರುಜು, ಜಪಾನಿನ ಮೊಹರು

2024ರ ಜುಲೈ 3ರಂದು ಜಪಾನಿನಲ್ಲಿ ಹೊಸ ನೋಟುಗಳು ಚಲಾವಣೆಗೆ ಬಂದವು. ಸಾವಿರ ಯೆನ್ ನೋಟಿನ ಹಿಂಬದಿಯಲ್ಲಿ ಸುಮಾರು ಇನ್ನೂರು ವರ್ಷ ಹಿಂದೆ ಮರದಚ್ಚಿನಿಂದ ಒತ್ತಿದ ಚಿತ್ರವೊಂದಿದೆ. ಮೂರು ದೋಣಿಗಳ ಮೇಲೆ ಬಿರುಸಾಗಿ ಎದ್ದು ನಿಂತ ಅಲೆ, ಅದರ ತಗ್ಗಿನಲ್ಲಿ ಪುಟ್ಟದಾಗಿ ಕಾಣುವ ಫುಜಿ ಬೆಟ್ಟ. ಬರೆದವನು ಕತ್ಸುಷಿಕಾ ಹೊಕುಸಾಯ್. ಆಗ ಅವನಿಗೆ ಎಪ್ಪತ್ತು ದಾಟಿತ್ತು. ಮೂಲ ಚಿತ್ರದ ಎಡ ಮೇಲ್ಮೂಲೆಯಲ್ಲಿ ಒಂದು ಚೌಕಟ್ಟಿದೆ, ಅದರ ಪಕ್ಕದಲ್ಲೇ ರುಜು ಇದೆ. ಹೊಕುಸಾಯ್ ಎಂಬ ಹೆಸರನ್ನು ಬದಲಿಸಿ ಈಗ ಇಯಿತ್ಸು ಎಂದು ಕರೆದುಕೊಳ್ಳುತ್ತಿರುವವನ ಕುಂಚದ ಕೆಲಸ ಇದು ಎಂದು ಆ ರುಜು ಹೇಳುತ್ತದೆ. ಹೆಸರು ಬದಲಿಸಿಕೊಂಡ ಸಂಗತಿಯನ್ನೂ ಚಿತ್ರದಲ್ಲೇ ದಾಖಲಿಸುವಷ್ಟು ಎಚ್ಚರ ಆ ಕಲಾವಿದನಿಗಿತ್ತು.

ಅವನು ಹುಟ್ಟುವುದಕ್ಕೆ ಐನೂರು ವರ್ಷ ಮೊದಲೇ, ಈಗಿನ ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಇಬ್ಬರು ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೊರೆದಿದ್ದರು. ಒಬ್ಬ ಬೈಚೋಜ, ಇನ್ನೊಬ್ಬ ಮಲ್ಲಿತಮ್ಮ.

ಜಪಾನಿನ ಮರದಚ್ಚಿನ ಚಿತ್ರಗಳೂ ಕರಕುಶಲ ವಸ್ತುಗಳೂ ಒಟ್ಟಿಗೆ ಇರುವ ಪ್ರದರ್ಶನವೊಂದನ್ನು ನೋಡುವ ಅವಕಾಶ ಸಿಕ್ಕಿದರೆ ಹಾಸನದ ಕಡೆಯವರು ಈ ಎರಡು ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಕು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಜಪಾನಿನ ವಸ್ತುಗಳಿಗೇ ಮೀಸಲಾದ ಭಾಗವಿದೆ. ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೆ ಟಾಟಾ ಮನೆತನದವರು ಕೊಟ್ಟ ಸಂಗ್ರಹದಲ್ಲೂ ಜಪಾನಿನ ಕಲಾವಸ್ತುಗಳಿವೆ. ಇಂಥ ಕಡೆ ಕಣ್ಣು ಮೊದಲು ಬಣ್ಣಕ್ಕೆ ಹೋಗುತ್ತದೆ. ಆಮೇಲಾದರೂ ಮೂಲೆಯ ಅಕ್ಷರಗಳಿಗೆ ಹೋಗಬೇಕು. ಯಾರು ಮಾಡಿದರು ಎಂಬ ಪ್ರಶ್ನೆಗೆ ಒಂದು ನಾಡು ಹೇಗೆ ಉತ್ತರ ಕೊಟ್ಟುಕೊಂಡಿದೆ ಎಂಬುದು ಅಲ್ಲಿದೆ.

ಮರದಚ್ಚಿನ ಚಿತ್ರ ಒಬ್ಬನ ಕೆಲಸವಲ್ಲ. ಕಲಾವಿದ ತೆಳು ಕಾಗದದ ಮೇಲೆ ಮಸಿಯಲ್ಲಿ ರೇಖೆ ಬರೆದು ಕೊಡುತ್ತಾನೆ. ಕೆತ್ತುವವನು ಆ ಕಾಗದವನ್ನು ಬೋರಲಾಗಿ ಕಾಡು ಚೆರ್ರಿ ಮರದ ಹಲಗೆಗೆ ಅಂಟಿಸುತ್ತಾನೆ. ಬೆನ್ನಿನ ಕಡೆಯಿಂದ ಕಾಗದವನ್ನು ಉಜ್ಜಿ ತೆಳುವಾಗಿಸಿದರೆ ರೇಖೆ ಸ್ಪಷ್ಟವಾಗಿ ಕಾಣುತ್ತದೆ. ಆಮೇಲೆ ರೇಖೆಯೊಂದನ್ನು ಉಳಿಸಿ ಉಳಿದ ಮರವನ್ನೆಲ್ಲ ಚಾಕು, ಉಳಿಗಳಿಂದ ತೆಗೆಯಬೇಕು. ಈ ಕೆಲಸದಲ್ಲಿ ಕಲಾವಿದ ಕೈಯಾರೆ ಬರೆದ ಮೂಲ ಹಾಳೆ ನಾಶವಾಗುತ್ತದೆ. ಅಂದರೆ ನಾವು ಇಂದು ಹೊಕುಸಾಯ್‌ನ ರೇಖೆ ಎಂದು ಮೆಚ್ಚುವುದು ಕೆತ್ತಿದವನ ಕೈಯಿಂದ ಹೊರಟು ಬಂದ ರೇಖೆ. ಹೆಣ್ಣಿನ ಹಣೆಯ ಅಂಚಿನ ಕೂದಲನ್ನು ಒಂದೊಂದು ಎಳೆಯಾಗಿ ಮರದಲ್ಲಿ ಉಳಿಸುವುದು ಆ ಕಸುಬಿನಲ್ಲಿ ಅತ್ಯಂತ ಕಷ್ಟದ್ದು, ಅದನ್ನು ನುರಿತ ಹಿರಿಯರಿಗೇ ಬಿಡುತ್ತಿದ್ದರು.

ಕಪ್ಪು ರೇಖೆಗೆ ಒಂದು ಹಲಗೆಯಾದರೆ ಬಣ್ಣಕ್ಕೊಂದರಂತೆ ಬೇರೆ ಬೇರೆ ಹಲಗೆಗಳು ಬೇಕು. ನೀಲಿಯ ಮೇಲೆ ಹಸಿರು ಹರಿಯಬಾರದು, ಕೆಂಪು ತುಟಿಯಾಚೆ ಜಾರಬಾರದು. ಅದಕ್ಕಾಗಿ ಪ್ರತಿ ಹಲಗೆಯ ಒಂದು ಮೂಲೆಯಲ್ಲಿ L ಆಕಾರದ ಗುರುತು, ಅದರ ಸಾಲಿನಲ್ಲೇ ಇನ್ನೊಂದು ನೇರ ಗುರುತು ಕೆತ್ತುತ್ತಾರೆ. ಕಾಗದದ ಅಂಚನ್ನು ಈ ಎರಡಕ್ಕೂ ತಾಗಿಸಿ ಇಟ್ಟರೆ ಎಷ್ಟು ಬಾರಿ ಒತ್ತಿದರೂ ಬಣ್ಣ ತನ್ನ ಜಾಗದಲ್ಲೇ ಕೂರುತ್ತದೆ. ಈ ಉಪಾಯ ಪಳಗಿದ ಮೇಲೆಯೇ ಬಹುವರ್ಣದ ಚಿತ್ರಗಳು ಸಾಧ್ಯವಾದದ್ದು. 1765ರಲ್ಲಿ ಸುಜುಕಿ ಹರುನೊಬು ಎಂಬ ಕಲಾವಿದನ ಚಿತ್ರಗಳೊಂದಿಗೆ ಆ ಯುಗ ತೆರೆಯಿತು.

ಇನ್ನು ಒತ್ತುವವನು. ಅವನ ಬಳಿ ಯಂತ್ರವಿಲ್ಲ. ನೀರಲ್ಲಿ ಕಲಸಿದ ಬಣ್ಣವನ್ನೂ ಸ್ವಲ್ಪ ಅಕ್ಕಿಗಂಜಿಯನ್ನೂ ಹಲಗೆಗೆ ಬ್ರಷ್ಷಿನಿಂದ ಬಳಿದು, ತೇವ ಮಾಡಿದ ಕಾಗದವನ್ನು ಹಾಸಿ, ಬಿದಿರ ಪೊರೆ ಸುತ್ತಿದ ಅಂಗೈಯಗಲದ ದುಂಡು ಬಿಲ್ಲೆಯಿಂದ ಬೆನ್ನನ್ನು ತಿಕ್ಕುತ್ತಾನೆ. ಆಕಾಶದ ಮೇಲಂಚಿನಲ್ಲಿ ಕಡು ನೀಲಿ, ಕೆಳಗಿಳಿದಂತೆ ತಿಳಿಯಾಗಿ ಬೆಳ್ಳಗಾಗುವುದು ಹಿರೋಶಿಗೆ ಎಂಬ ಕಲಾವಿದನ ಚಿತ್ರಗಳ ಹೆಗ್ಗುರುತು. ಆ ಕ್ರಮವನ್ನು ಮರದಲ್ಲಿ ಕೆತ್ತಲಾಗದು. ಪ್ರತಿ ಹಾಳೆಗೂ ಹಲಗೆಯ ಮೇಲೆ ಬಣ್ಣವನ್ನು ಹೊಸದಾಗಿ ಒರೆಸಿ, ಹದವಾಗಿ ತೇವ ಮಾಡಿ ತರಬೇಕು. ಆದ್ದರಿಂದ ಒಂದೇ ಹಲಗೆಯಿಂದ ಬಂದ ಎರಡು ಹಾಳೆಗಳ ಆಕಾಶ ಒಂದೇ ರೀತಿ ಇರುವುದಿಲ್ಲ. ಕಾಗದವೂ ಸಾಮಾನ್ಯದ್ದಲ್ಲ. ಹಿಪ್ಪುನೇರಳೆಯ ಬಳಗಕ್ಕೆ ಸೇರಿದ ಒಂದು ಗಿಡದ ತೊಗಟೆಯ ಉದ್ದ ನಾರಿನಿಂದ ಮಾಡಿದ ಈ ಕಾಗದ ಹತ್ತಾರು ಸಲ ತಿಕ್ಕಿದರೂ ಹರಿಯದು.

ಅಲೆಯ ಚಿತ್ರದ ಆ ನೀಲಿಗೆ ಇನ್ನೊಂದು ಕಥೆಯಿದೆ. ಜರ್ಮನಿಯ ಬರ್ಲಿನ್ನಿನಲ್ಲಿ ಹುಟ್ಟಿದ ಕೃತಕ ನೀಲಿ ಬಣ್ಣ ಅದು. ಜಪಾನಿನಲ್ಲಿ 1830ರ ಸುಮಾರಿಗೆ ಅಗ್ಗವಾಗಿ ಸಿಗತೊಡಗಿತು. ಅದಕ್ಕೆ ಮೊದಲು ಗಿಡಗಳಿಂದ ತೆಗೆದ ನೀಲಿಯನ್ನು ಬಳಸುತ್ತಿದ್ದರು, ಅದರಲ್ಲಿ ಒಂದು ಬಗೆ ಬೆಳಕಿಗೆ ಬೇಗ ಮಾಸುತ್ತಿತ್ತು. ಕುಸುಬೆ ಹೂವಿನ ಕೆಂಪೂ ಹಾಗೆಯೇ. ವಸ್ತುಸಂಗ್ರಹಾಲಯಗಳು ಈ ಚಿತ್ರಗಳನ್ನು ಮಬ್ಬು ಬೆಳಕಿನಲ್ಲಿಡುವುದು, ಕೆಲವು ವಾರಗಳಿಗೊಮ್ಮೆ ಬದಲಿಸುವುದು ಇದೇ ಕಾರಣಕ್ಕೆ. ಒಳಗೆ ಕತ್ತಲೆ ಎಂದು ಗೊಣಗುವವರು ಇದನ್ನು ತಿಳಿದಿರಬೇಕು.

ಆ ಕಾಲದಲ್ಲಿ ಈ ಚಿತ್ರಗಳು ಶ್ರೀಮಂತರ ಸೊತ್ತಾಗಿರಲಿಲ್ಲ. ಒಂದೆರಡು ಬಟ್ಟಲು ನೂಡಲ್ಸ್‌ಗೆ ಕೊಡುವ ಹಣದಲ್ಲಿ ಎದೋ ಪಟ್ಟಣದ ಕೂಲಿಯವನೂ ಒಂದು ಹಾಳೆ ಕೊಳ್ಳಬಹುದಿತ್ತು. ಈ ಎದೋ ಪಟ್ಟಣವೇ ಇಂದಿನ ಟೋಕಿಯೊ. ಬಂಡವಾಳ ಹಾಕಿ, ಕಲಾವಿದನನ್ನೂ ಕೆತ್ತುವವನನ್ನೂ ಒತ್ತುವವನನ್ನೂ ಹೊಂದಿಸಿ, ಅಂಗಡಿಯಲ್ಲಿ ಮಾರುತ್ತಿದ್ದವನು ಪ್ರಕಾಶಕ. ಅಲೆಯ ಚಿತ್ರವನ್ನು ಹೊರತಂದವನು ನಿಶಿಮುರಾಯಾ ಯೊಹಾಚಿ. ಹೀಗೆ ಚಿಲ್ಲರೆ ಕಾಸಿಗೆ ಮಾರಿದ ಅದೇ ಅಲೆಯ ಒಂದು ಪ್ರತಿ 2023ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ 27 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹೋಯಿತು.

ಕಲಾವಿದನ ರುಜು, ಪ್ರಕಾಶಕನ ಗುರುತು, 1790ರ ನಂತರದ ಚಿತ್ರಗಳಲ್ಲಿ ಸರ್ಕಾರದ ಪರಿಶೀಲಕರ ಮೊಹರು. ಇಷ್ಟೂ ಹಾಳೆಯ ಮೇಲಿರುತ್ತದೆ. ಕೆತ್ತಿದವನು? ಬಹುಪಾಲು ಚಿತ್ರಗಳಲ್ಲಿ ಅವನ ಹೆಸರಿಲ್ಲ. ಒತ್ತಿದವನದ್ದು ಅದಕ್ಕಿಂತ ಅಪರೂಪ. 19ನೇ ಶತಮಾನದ ನಡುವಿನ ಹೊತ್ತಿಗೆ ಕೆಲವು ಹೆಸರಾಂತ ಕೆತ್ತನೆಗಾರರು ತಮ್ಮ ಪುಟ್ಟ ಮೊಹರನ್ನು ಹಾಳೆಯ ಅಂಚಿಗೆ ಸೇರಿಸುವಷ್ಟು ಹಕ್ಕು ಗಳಿಸಿದರು. ಯೊಕೊಗಾವಾ ತಾಕೆಜಿರೊ ಎಂಬವನ ಮೊಹರು ಹಿರೋಶಿಗೆ ಮತ್ತು ಕುನಿಸಾದ ಎಂಬ ಕಲಾವಿದರ ಚಿತ್ರಗಳಲ್ಲಿ ಸಿಗುತ್ತದೆ. ಆ ಚಿಕ್ಕ ಮೊಹರನ್ನು ಹುಡುಕುವುದು ಪ್ರದರ್ಶನದಲ್ಲಿ ನಿಜಕ್ಕೂ ಖುಷಿ ಕೊಡುವ ಕೆಲಸ. ಮುಂದೆ 20ನೇ ಶತಮಾನದಲ್ಲಿ ಒಂದು ಬಳಗದ ಕಲಾವಿದರು ಈ ವಿಂಗಡಣೆಯನ್ನೇ ಒಪ್ಪಲಿಲ್ಲ. ಬರೆದವನೇ ಕೆತ್ತಬೇಕು, ಅವನೇ ಒತ್ತಬೇಕು ಎಂದರು. ಅದೇ ಹಾದಿಯಲ್ಲಿ ಬಂದ ಮುನಾಕಾತಾ ಶಿಕೊ ಬುದ್ಧನ ಹತ್ತು ಮಂದಿ ಶಿಷ್ಯರನ್ನು 1939ರಲ್ಲಿ ಮರದಲ್ಲಿ ಕೆತ್ತಿದ. 1956ರ ವೆನಿಸ್ ಕಲಾಮೇಳದಲ್ಲಿ ಮುದ್ರಣ ಕಲೆಯ ಮೊದಲ ಬಹುಮಾನ ಅವನಿಗೆ ಬಂತು.

ಈಗ ನುಗ್ಗೇಹಳ್ಳಿಗೆ ಬರಬೇಕು. ತಿಪಟೂರು–ಚನ್ನರಾಯಪಟ್ಟಣ ರಸ್ತೆಯ ಈ ಊರಿನ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ ಹೊಯ್ಸಳ ದೊರೆ ವೀರ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ ಕಟ್ಟಿಸಿದ. ಅದೇ ಊರಿನ ಸದಾಶಿವ ದೇವಾಲಯ 1249ರದ್ದು. ಲಕ್ಷ್ಮೀನರಸಿಂಹ ದೇವಾಲಯ ಮೂರು ಗರ್ಭಗುಡಿಗಳ ತ್ರಿಕೂಟ. ನಡುವೆ ಕೇಶವ, ಪಕ್ಕಗಳಲ್ಲಿ ವೇಣುಗೋಪಾಲ ಮತ್ತು ಲಕ್ಷ್ಮೀನರಸಿಂಹ. ಹೊರಗೋಡೆಯ ಬುಡದಲ್ಲಿ ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ ಹೀಗೆ ಸಾಲು ಸಾಲು ಪಟ್ಟಿಕೆಗಳು. ಅವುಗಳ ಮೇಲೆ ದೊಡ್ಡ ಮೂರ್ತಿಗಳು. ಎಲ್ಲವೂ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಈ ಕಲ್ಲಿನಲ್ಲಿ ಉಳಿ ಮರದಲ್ಲಿ ಓಡಿದಂತೆ ಓಡುತ್ತದೆ. ಸರದ ಮಣಿಯ ಹಿಂದೆ ಟೊಳ್ಳು ಮಾಡಿ ನೆರಳು ಬೀಳಿಸುವ ಚಳಕ ಆ ಕಲ್ಲಿನ ಗುಣಕ್ಕೂ ಋಣಿ.

ಮೂರ್ತಿಗಳ ಪೀಠದ ಮೇಲಿನ ಚಿಕ್ಕ ಬರಹಗಳನ್ನು ಓದಿದ ವಿದ್ವಾಂಸರು ಒಂದು ಸಂಗತಿಯನ್ನು ಗುರುತಿಸಿದರು. ದಕ್ಷಿಣದ ಗೋಡೆಯ ಕೆಲಸ ಬೈಚೋಜನದ್ದು, ಉತ್ತರದ್ದು ಮಲ್ಲಿತಮ್ಮನದ್ದು. ಒಂದೇ ಗುಡಿ, ಇಬ್ಬರು ಶಿಲ್ಪಿಗಳು ಹಂಚಿಕೊಂಡ ಎರಡು ಪಕ್ಕ. ಬೇಲೂರಿನಲ್ಲೂ ಬಳ್ಳಿಗಾವೆಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣ ಮದನಿಕೆಯರ ಕೆಳಗೆ ಹೆಸರು ಬಿಟ್ಟಿದ್ದಾರೆ. ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ ಅವರು 1917ರಲ್ಲಿ ಸೋಮನಾಥಪುರದ ಮೇಲೆ, 1919ರಲ್ಲಿ ಬೇಲೂರಿನ ಮೇಲೆ ತಂದ ಪುಸ್ತಕಗಳಿಂದ ಈ ಹೆಸರುಗಳು ಹೊರಜಗತ್ತಿಗೂ ಮುಟ್ಟಿದವು. ಭಾರತದ ಶಿಲ್ಪಿ ಹೆಸರು ಹೇಳಿಕೊಳ್ಳದ ವಿರಾಗಿ ಎಂಬ ಮಾತು ಇಂದಿಗೂ ಭಾಷಣಗಳಲ್ಲಿ ಕೇಳಿಬರುತ್ತದೆ. ಹಾಸನ ಜಿಲ್ಲೆಯಲ್ಲಿ ಹುಟ್ಟಿದವರು ಆ ಮಾತನ್ನು ಒಪ್ಪಬೇಕಾಗಿಲ್ಲ.

ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದ ಗುಡಿಯಲ್ಲಿದೆ, ನುಗ್ಗೇಹಳ್ಳಿಯಲ್ಲಿದೆ, 13ನೇ ಶತಮಾನದ ನಡುಭಾಗ ದಾಟಿದ ಮೇಲಿನ ಸೋಮನಾಥಪುರದಲ್ಲಿ ಹತ್ತಾರು ಮೂರ್ತಿಗಳ ಕೆಳಗಿದೆ. ಅರವತ್ತು ವರ್ಷಕ್ಕೂ ಮೀರಿದ ಹರವು ಇದು, ಇಷ್ಟೂ ಒಬ್ಬನದೇ ಕೈಯೇ ಎಂಬ ಪ್ರಶ್ನೆ ಏಳುತ್ತದೆ. ಜಪಾನಿನ ಚಿತ್ರಗಳನ್ನು ನೋಡಿದವರಿಗೆ ಇಂಥದ್ದು ಹೊಸದಲ್ಲ. ಅಲ್ಲಿ ಹಿರೋಶಿಗೆ 1858ರಲ್ಲಿ ತೀರಿಕೊಂಡ ಮೇಲೆ ಅವನ ಶಿಷ್ಯ ಎರಡನೆಯ ಹಿರೋಶಿಗೆಯಾದ, ಮುಂದೆ ಮೂರನೆಯವನೂ ಬಂದ. ಕುನಿಸಾದ 1844ರಲ್ಲಿ ಗುರುವಿನ ಹೆಸರು ಹೊತ್ತು ತೊಯೊಕುನಿಯಾದ. ಹೆಸರು ಒಬ್ಬ ಮನುಷ್ಯನದ್ದೂ ಹೌದು, ಒಂದು ಗರಡಿಯ ಆಸ್ತಿಯೂ ಹೌದು. ಹೊಯ್ಸಳರ ಶಿಲ್ಪಿಗಳ ಗುಂಪುಗಳನ್ನೂ ಹೀಗೆ ನೋಡಿದರೆ ಒಬ್ಬ ಒಂಟಿ ಪ್ರತಿಭಾವಂತನ ಬದಲು ಕೈಯಿಂದ ಕೈಗೆ ದಾಟಿದ ವಿದ್ಯೆಯೊಂದು ಕಾಣುತ್ತದೆ.

ಕಾಲದ ಹೊಂದಿಕೆಯೂ ಗಮನಿಸುವಂಥದ್ದು. ನುಗ್ಗೇಹಳ್ಳಿಯ ಗೋಡೆಗಳು ಮುಗಿದು ಎಂಟು ವರ್ಷವಾಗಿತ್ತು, ಆಗ ಕ್ಯೋಟೊ ನಗರದ ಸಾಂಜೂಸಾನ್‌ಗೆಂದೊ ದೇಗುಲದಲ್ಲಿ ಸಾವಿರ ಕೈಗಳ ಕನ್ನೊನ್ ಎಂಬ ಬೋಧಿಸತ್ವನ ಮೂರ್ತಿ ಸಿದ್ಧವಾಯಿತು. ಅದು 1254. ಮಾಡಿದವನು ತಾಂಕೆ, ವಯಸ್ಸು 82. ಹೆಸರೂ ವಯಸ್ಸೂ ಆ ಮರದ ಮೂರ್ತಿಯಲ್ಲೇ ಬರೆದಿದೆ. ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಎರಡು ನಾಡುಗಳ ಶಿಲ್ಪಿಗಳು, ಒಬ್ಬ ಮರದಲ್ಲಿ, ಒಬ್ಬ ಕಲ್ಲಿನಲ್ಲಿ, ಒಂದೇ ತಲೆಮಾರಿನಲ್ಲಿ ತಮ್ಮ ಹೆಸರನ್ನು ಬಿಟ್ಟುಹೋಗಿದ್ದಾರೆ.

ಕನ್ನಡನಾಡಿಗೂ ಜಪಾನಿಗೂ ಕೊಡುಕೊಳ್ಳುವಿಕೆ ಆದದ್ದು ಬಹಳ ಈಚೆಗೆ. 1903ರಲ್ಲಿ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ ಎಂಬ ಇಬ್ಬರು ಕಲಾವಿದರು ಕಲ್ಕತ್ತೆಗೆ ಬಂದು ಠಾಕೂರರ ಮನೆಯವರ ಒಡನಾಟದಲ್ಲಿದ್ದರು. ರೇಖೆಯನ್ನು ಬಿಟ್ಟು ಬಣ್ಣವನ್ನು ಮಂಜಿನಂತೆ ಹರಡುವ ಅವರ ರೀತಿ ಅವನೀಂದ್ರನಾಥ ಠಾಕೂರರ ಕೈಗೆ ಬಂತು. ಅವರ ಶಿಷ್ಯನಾಗಿ ಮೈಸೂರಿನಿಂದ ಹೋದವರು ಕೆ. ವೆಂಕಟಪ್ಪ. ಅರಮನೆಯ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಅವರು ಮುಂದೆ ಬರೆದ ಊಟಿ, ಕೊಡೈಕೆನಾಲ್ ದೃಶ್ಯಗಳಲ್ಲಿ ಬೆಟ್ಟದ ಮಂಜು ಕರಗುವ ಬಗೆಗೆ ಆ ದೂರದ ಬೇರೂ ಒಂದಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಕಲಾ ಗ್ಯಾಲರಿಗೆ ಅವರ ಹೆಸರಿದೆ. ಇನ್ನೊಂದು ಉದಾಹರಣೆ ರೇಷ್ಮೆಯದು. 1890ರ ದಶಕದ ಕೊನೆಯಲ್ಲಿ ಜಮ್‌ಷೆಡ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಕೃಷಿ ಕೇಂದ್ರ ತೆರೆದು, ಕಲಿಸಲು ಜಪಾನಿನಿಂದ ಓಡ್ಜು ದಂಪತಿಯನ್ನು ಕರೆಸಿದರು. ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಬಸವನಗುಡಿಯ ಆಸುಪಾಸಿನವರ ಬಾಯಲ್ಲಿ ಇಂದಿಗೂ ಇದೆ. ಬಂಡವಾಳ ಹಾಕಿದವರ ಹೆಸರು ಊರಿಗೆ ಅಂಟಿತು, ಕೈಹಿಡಿದು ಕಲಿಸಿದ ಗಂಡಹೆಂಡಿರ ಹೆಸರು ಪುಸ್ತಕಗಳಲ್ಲಿ ಉಳಿಯಿತು.

ಇಂಥ ಪ್ರದರ್ಶನದ ಇನ್ನರ್ಧ ಕರಕುಶಲ ವಸ್ತುಗಳದ್ದು. ಅರಗಿನಂಥ ಮರದ ಹಾಲಿನ ಮೆರುಗು ಹಚ್ಚಿದ ಬಟ್ಟಲು, ಬಿದಿರ ಬುಟ್ಟಿ, ನೀಲಿ ಬಟ್ಟೆ, ಕಬ್ಬಿಣದ ಕೆಟಲ್. ಇವುಗಳ ನಡುವೆ ಕನ್ನಡಿಗರು ತಟ್ಟನೆ ನಿಲ್ಲುವ ಜಾಗವೊಂದಿದೆ. ಜಪಾನಿನ ಈಶಾನ್ಯದ ತೋಹೊಕು ಸೀಮೆಯ ಕೊಕೆಶಿ ಗೊಂಬೆ. ಕೈಕಾಲಿಲ್ಲದ ಉರುಟು ಮೈ, ಗುಂಡು ತಲೆ, ಲೇತಿನ ಮೇಲೆ ಮರ ತಿರುಗುತ್ತಿದ್ದಂತೆ ಬಣ್ಣದ ಕುಂಚ ತಾಗಿಸಿ ಎಳೆದ ಉಂಗುರಗಳು. ನಮ್ಮ ಚನ್ನಪಟ್ಟಣದ ಗೊಂಬೆಗೆ ಇದು ದಾಯಾದಿ ಎನ್ನಿಸುತ್ತದೆ. ಚನ್ನಪಟ್ಟಣದಲ್ಲೂ ಆಲೆ ಮರದ ತುಂಡು ಲೇತಿನ ಮೇಲೆ ತಿರುಗುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಕೇದಗೆಯ ಗರಿಯಿಂದ ಒತ್ತಿದಾಗ ಹೊಳಪು ಬರುತ್ತದೆ. ಈ ಕಸುಬಿಗೆ ಹೊಸ ರೂಪ ಕೊಟ್ಟವರು ಬಾವಾಸ್ ಮಿಯಾನ್, ಅವರು ಜಪಾನಿನ ತಂತ್ರವನ್ನು ಇಲ್ಲಿಗೆ ತಂದರು ಎಂದು ಚನ್ನಪಟ್ಟಣದವರು ನೆನೆಯುತ್ತಾರೆ.

ಎರಡೂ ಗೊಂಬೆಗಳನ್ನು ತಲೆಕೆಳಗು ಮಾಡಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕೊಕೆಶಿಯ ಅಡಿಯಲ್ಲಿ ಮಾಡಿದವರ ಹೆಸರಿದೆ. ಚನ್ನಪಟ್ಟಣದ ಗೊಂಬೆಯ ಅಡಿ ಸಾಮಾನ್ಯವಾಗಿ ಖಾಲಿ. ಕೊಕೆಶಿಯೂ ಮೊದಲಿನಿಂದ ಹಾಗಿರಲಿಲ್ಲ. ಬಿಸಿನೀರಿನ ಬುಗ್ಗೆಗಳಿಗೆ ಮೀಯಲು ಬಂದ ರೈತರು ಮಕ್ಕಳಿಗಾಗಿ ಕೊಳ್ಳುತ್ತಿದ್ದ ಅಗ್ಗದ ಆಟಿಕೆ ಅದು. 20ನೇ ಶತಮಾನದಲ್ಲಿ ಸಂಗ್ರಹಿಸುವವರು ಊರೂರು ಹುಡುಕಿಕೊಂಡು ಬಂದು, ಇದನ್ನು ತಿರುಗಿಸಿದವರು ಯಾರು, ಕಲಿಸಿದವರು ಯಾರು ಎಂದು ವಿಚಾರಿಸತೊಡಗಿದರು. ಆಗ ಅಡಿಯಲ್ಲಿ ಹೆಸರು ಬರೆಯುವ ರೂಢಿ ಬೆಳೆಯಿತು. ಹೆಸರನ್ನು ಅಲ್ಲಿಗೆ ತಂದದ್ದು ಕೊಳ್ಳುವವರ ಕುತೂಹಲ.

ಮಾಡಿದವರ ಹೆಸರು ಬೇಕು ಎಂಬ ಮಾತಿಗೆ ಜಪಾನಿನಿಂದಲೇ ಬರುವ ಒಂದು ಎದುರುವಾದವಿದೆ, ಅದನ್ನು ಬದಿಗೆ ತಳ್ಳುವಂತಿಲ್ಲ. ಯನಾಗಿ ಸೋಯೆತ್ಸು ಎಂಬ ಚಿಂತಕ 1936ರಲ್ಲಿ ಟೋಕಿಯೊದಲ್ಲಿ ಜನಪದ ಕರಕುಶಲದ ವಸ್ತುಸಂಗ್ರಹಾಲಯ ತೆರೆದ. ದಿನಬಳಕೆಗೆ ಸಾವಿರಗಟ್ಟಲೆ ಬಟ್ಟಲು ಮಾಡಿದ ಹೆಸರಿಲ್ಲದ ಕುಶಲಕರ್ಮಿಯ ಕೈಯಲ್ಲೇ ನಿಜವಾದ ಚೆಲುವು ಹುಟ್ಟುತ್ತದೆ, ಹೆಸರಿನ ಹಂಬಲ ಅದನ್ನು ಕೆಡಿಸುತ್ತದೆ ಎಂಬುದು ಅವನ ನಿಲುವು. ಅವನ ಗೆಳೆಯ, ಕುಂಬಾರ ಹಮಾದಾ ಶೋಜಿ ತನ್ನ ಮಡಕೆಗಳಿಗೆ ರುಜು ಹಾಕುವುದನ್ನೇ ಬಿಟ್ಟ. ಆದರೆ ಹಮಾದಾ ತಾನಾಗಿ ಬಿಟ್ಟ. ಅವನ ಮಡಕೆ ಯಾರದ್ದೆಂದು ಎಲ್ಲರಿಗೂ ಗೊತ್ತಿತ್ತು. 1955ರಲ್ಲಿ ಸರ್ಕಾರ ಮೊದಲ ಬಾರಿ ಜೀವಂತ ರಾಷ್ಟ್ರನಿಧಿಗಳನ್ನು ಆರಿಸಿದಾಗ ಆ ಪಟ್ಟಿಯಲ್ಲಿ ಅವನಿದ್ದ. ಯಾರೂ ಕೇಳದೆ ಹೋದದ್ದರಿಂದ ಹೆಸರು ಕಳೆದುಕೊಂಡ ಬಿದರಿ ಕೆಲಸದವರಿಗೂ ಕಿನ್ನಾಳದ ಮರದ ಗೊಂಬೆಯ ಚಿತ್ರಗಾರರಿಗೂ ಯನಾಗಿಯ ಮಾತನ್ನು ಅನ್ವಯಿಸುವುದು ತಪ್ಪು.

ಜಪಾನ್ ಈ ವಿಷಯದಲ್ಲಿ ಕಾನೂನನ್ನೂ ಹಣವನ್ನೂ ಬಳಸಿತು. 1950ರ ಸಾಂಸ್ಕೃತಿಕ ಆಸ್ತಿ ರಕ್ಷಣೆಯ ಕಾಯಿದೆಯಡಿ ಜೀವಂತ ರಾಷ್ಟ್ರನಿಧಿಯಾಗಿ ಆಯ್ಕೆಯಾದ ಕುಶಲಕರ್ಮಿಗೆ ಶಿಷ್ಯರನ್ನು ತಯಾರು ಮಾಡಲು ವರ್ಷಕ್ಕೆ 20 ಲಕ್ಷ ಯೆನ್ ಸಿಗುತ್ತದೆ. 1974ರ ಇನ್ನೊಂದು ಕಾಯಿದೆ ಸುಮಾರು ನೂರು ವರ್ಷ ಹಳೆಯ ತಂತ್ರದಿಂದ, ಮುಖ್ಯವಾಗಿ ಕೈಯಿಂದ ಮಾಡಿದ ದಿನಬಳಕೆಯ ವಸ್ತುಗಳಿಗೆ ಮಾನ್ಯತೆ ಕೊಟ್ಟಿತು. ಭಾರತದಲ್ಲೂ ದಾರಿ ತೋರಿದವರಿಗೆ ಕೊರತೆಯಿರಲಿಲ್ಲ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಜಪಾನಿನ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದ ಅವರು ಕುಶಲಕರ್ಮಿಯನ್ನು ಹೆಸರಿಸಿ ಗೌರವಿಸಬೇಕೆಂದು ಹಟ ಹಿಡಿದವರು. 1965ರಿಂದ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಬಂತು. ಬೀದರಿನ ಶಾ ರಶೀದ್ ಅಹ್ಮದ್ ಕ್ವಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಬಿದರಿ ಕೆಲಸದ ಒಬ್ಬ ಮನುಷ್ಯನ ಹೆಸರು ನಾಡಿನ ಎಲ್ಲರ ಬಾಯಿಗೆ ಬಂತು. ಪ್ರಶಸ್ತಿ ಒಬ್ಬರಿಗೆ ಬರುತ್ತದೆ, ಪಕ್ಕದ ಮನೆಯಲ್ಲಿ ಅದೇ ಹೂಜಿಗೆ ಬೆಳ್ಳಿ ತಂತಿ ಕೂರಿಸುವವರಿಗೆ ಏನೂ ಬರುವುದಿಲ್ಲ. ಭೌಗೋಳಿಕ ಗುರುತಿನ ಮಾನ್ಯತೆ ಚನ್ನಪಟ್ಟಣದ ಗೊಂಬೆಗೂ ಬಿದರಿಗೂ ಮೈಸೂರು ಗಂಜೀಫಾಗೂ ಸಿಕ್ಕಿರುವುದು ಒಳ್ಳೆಯದೇ. ಅದು ಊರಿನ ಹೆಸರನ್ನು ನಕಲಿನಿಂದ ಕಾಯುತ್ತದೆ. ಆ ಊರಿನ ಯಾವ ಕೈ ಇದನ್ನು ಮಾಡಿತು ಎಂದು ಕೊಳ್ಳುವವರಿಗೆ ಹೇಳುವ ಕೆಲಸ ಅದರಿಂದ ಆಗುತ್ತಿಲ್ಲ.

ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನುಗ್ಗೇಹಳ್ಳಿ ಆ ಪಟ್ಟಿಯಲ್ಲಿಲ್ಲ, ಬರುವವರೂ ಕಡಿಮೆ. ಇಲ್ಲಿ ಮಾಡಬಹುದಾದ ಕೆಲಸಕ್ಕೆ ದೊಡ್ಡ ಹಣವೇನೂ ಬೇಡ. ಯಾವ ಮೂರ್ತಿ ಬೈಚೋಜನದ್ದು, ಯಾವುದು ಮಲ್ಲಿತಮ್ಮನದ್ದು, ಆ ಅಕ್ಷರಗಳು ಪೀಠದ ಯಾವ ಜಾಗದಲ್ಲಿವೆ ಎಂದು ಕನ್ನಡದಲ್ಲಿ ತಿಳಿಸುವ ಒಂದು ನಕ್ಷೆಯನ್ನು ಶಾಲೆಗಳಿಗೂ ಪ್ರವಾಸಿಗರಿಗೂ ಕೊಡಬಹುದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮಾಸ್ತರುಗಳು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ರಾಜನ ಹೆಸರಿನ ಜೊತೆಗೆ ಈ ಎರಡು ಹೆಸರುಗಳನ್ನೂ ಬರೆಸಬಹುದು. ಕರಕುಶಲ ಮೇಳ ನಡೆಸುವವರು ಬೆಲೆಯ ಚೀಟಿಯಲ್ಲಿ ಮಾಡಿದವರ ಹೆಸರಿಗೆ ಒಂದು ಸಾಲು ಬಿಡಬಹುದು. ಓದುಗರ ಪಾಲಿನ ಕೆಲಸ ಇನ್ನೂ ಸುಲಭ. ದಸರೆಗೆ ಗೊಂಬೆ ಕೊಳ್ಳುವಾಗ ಇದನ್ನು ಮಾಡಿದವರು ಯಾರು ಎಂದು ಅಂಗಡಿಯವರನ್ನು ಕೇಳಿ. ಹೆಸರು ಸಿಕ್ಕಿದರೆ ಗೊಂಬೆಯ ಅಡಿಯಲ್ಲಿ ಬರೆದಿಡಿ.